60 ಸಾವಿರದ ಗೇಮಿಂಗ್ ಪಿಸಿ: ಡೊಂಬಿವಲಿಯ ಒಂದು ಮನೆಯ ಲೆಕ್ಕ

2024ರ ಜುಲೈ ಕೊನೆಯ ವಾರ. ಅಕ್ಕನ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಅಂಗಡಿಯವರು ನೀಲಿ ಪೆನ್ನಿನಲ್ಲಿ ಬರೆದುಕೊಟ್ಟ ಚೀಟಿ. ‘ಐ7, 16 ಜಿಬಿ ರ‍್ಯಾಮ್, 8 ಜಿಬಿ ಗ್ರಾಫಿಕ್ಸ್, 512 ಎಸ್‌ಎಸ್‌ಡಿ, ಆರ್‌ಜಿಬಿ ಕ್ಯಾಬಿನೆಟ್, 22 ಇಂಚು ಮಾನಿಟರ್.’ ಕೆಳಗೆ ದಪ್ಪಗೆ 42,000. ಫೋಟೋದ ಹಿಂದೆಯೇ ಅವನ ಮೆಸೇಜ್: ‘ಮಾಮ, ತಗೊಳ್ಳಲಾ? ನಾಳೆ ಅಡ್ವಾನ್ಸ್ ಕೊಡಬೇಕಂತೆ.’

‘ತಡಿ ಮಾರಾಯ’ ಅಂತ ಕೂಡಲೇ ಫೋನ್ ಮಾಡಿದೆ.

ಹುಡುಗ ಬಿಎಸ್ಸಿ ಐಟಿ ಎರಡನೇ ವರ್ಷದಲ್ಲಿದ್ದ. ಭಾವ ಠಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಾರೆ. ಅಕ್ಕ ಬಿಲ್ಡಿಂಗಿನ ಹೆಂಗಸರ ಜೊತೆ ಹಾಕಿದ್ದ ಭಿಶಿ (ತಿಂಗಳ ಚೀಟಿ ಫಂಡ್) ಆ ತಿಂಗಳು ಬಂದಿತ್ತು. 60,000 ರೂಪಾಯಿ. ಓದಿಗೂ ಆಗಬೇಕು, ಆಟಕ್ಕೂ ಆಗಬೇಕು, ಇನ್ನು ನಾಲ್ಕೈದು ವರ್ಷ ಮತ್ತೆ ದುಡ್ಡು ಕೇಳಬಾರದು. ಇದು ಭಾವನ ಷರತ್ತು. ನ್ಯಾಯವಾದ ಷರತ್ತೇ. ನಾನು ಮುಂಬೈ ಫೋರ್ಟಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಹಾಗಾಗಿ ಮನೆಯಲ್ಲಿ ಈ ವಿಷಯ ಬಂದರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ.

ಚೀಟಿಯಲ್ಲಿ ಇಲ್ಲದ ಹೆಸರುಗಳು

ಆ ಚೀಟಿಯಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಪೂರ್ತಿ ಹೆಸರೂ ಒಂದೂ ಇರಲಿಲ್ಲ. ಹೆಣ್ಣು ಕೊಡುವಾಗ ‘ಹುಡುಗ ಬೊಂಬಾಯಿಯಲ್ಲಿದ್ದಾನೆ’ ಅಂದರೆ ನಮಗೆ ಸಾಕಾಗುತ್ತಾ? ಯಾರ ಮನೆ, ಎಲ್ಲಿ ಕೆಲಸ, ಎಷ್ಟು ವರ್ಷದಿಂದ ಅಂತ ವಿಚಾರಿಸುತ್ತೇವೆ ಅಲ್ವಾ? ‘ಐ7’ ಅನ್ನುವುದೂ ಹಾಗೆಯೇ. ಅದು ಮನೆತನದ ಹೆಸರು, ಹುಡುಗನದ್ದಲ್ಲ.

ನಾಳೆ ಹೋಗು, ಅಡ್ವಾನ್ಸ್ ಕೊಡಬೇಡ, ಪ್ರತಿ ಸಾಮಾನಿನ ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಬಾ ಅಂದೆ. ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟ್ ಹಂಚುವ ಡಬ್ಬಿಯ ಮೇಲಿನ ಲೇಬಲ್ಲಿನ ಫೋಟೋ ತೆಗೆಯಲೂ ಹೇಳಿದೆ.

ಮರುದಿನ ಸಂಜೆ ಪಟ್ಟಿ ಬಂತು. ಐ7 ಅಂದರೆ ಐ7-3770. ಅದು 2012ರಲ್ಲಿ ಬಂದ ಪ್ರೊಸೆಸರ್. ಎಲ್ಲವೂ ಕೂರುವ ಮದರ್‌ಬೋರ್ಡ್ ಎಚ್61, ರ‍್ಯಾಮ್ ಡಿಡಿಆರ್3, ಅದೂ ಹಳೆಯ ತಲೆಮಾರಿನದು. 8 ಜಿಬಿ ಗ್ರಾಫಿಕ್ಸ್ ಅಂದರೆ ಆರ್‌ಎಕ್ಸ್ 580, ಅದರಲ್ಲೂ ‘2048ಎಸ್‌ಪಿ’ ಅನ್ನುವ ತಳಿ.

ಹಳೆಯ ಐ7 ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಲೆಕ್ಕ ಬರೆಯಲು, ಟ್ಯಾಲಿಗೆ, ಎಕ್ಸೆಲ್‌ಗೆ ಅದು ಇವತ್ತೂ ಸಾಕು. ಆದರೆ ನಮ್ಮ ಹುಡುಗ ದಿನಾ ಆಡುವುದು ವ್ಯಾಲೊರೆಂಟ್. ವಿಂಡೋಸ್ 11ರಲ್ಲಿ ಆ ಆಟ ಓಡಬೇಕಾದರೆ ಟಿಪಿಎಂ 2.0 (ಭದ್ರತೆಯ ಕೀಲಿ ಕಾಯುವ ಭಾಗ) ಬೇಕು, ಸೆಕ್ಯೂರ್ ಬೂಟ್ (ಪಿಸಿ ಶುರುವಾಗುವಾಗಿನ ಭದ್ರತಾ ತಪಾಸಣೆ) ಆನ್ ಇರಬೇಕು. ಐ7-3770 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೇ ಇಲ್ಲ. ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಈಚೆಯದು ಬೇಕು. ಸರಿ, ವಿಂಡೋಸ್ 10 ಹಾಕಿಕೊಳ್ಳೋಣ ಅಂದರೆ ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಹೊಸದಾಗಿ 42,000 ಕೊಟ್ಟು ತಂದ ಪಿಸಿಗೆ ಹದಿನೈದು ತಿಂಗಳ ಆಯುಷ್ಯ.

ಗ್ರಾಫಿಕ್ಸ್ ಕಾರ್ಡಿನ ಕತೆ ಇನ್ನೂ ಸೂಕ್ಷ್ಮ. ಮೂಲ ಆರ್‌ಎಕ್ಸ್ 580ರಲ್ಲಿ 2304 ಸ್ಟ್ರೀಮ್ ಪ್ರೊಸೆಸರ್, ಅಂದರೆ ಚಿತ್ರದ ಲೆಕ್ಕ ಮಾಡುವ ಚಿಕ್ಕ ಘಟಕಗಳು, ಇವೆ. 2048ಎಸ್‌ಪಿಯಲ್ಲಿ, ಹೆಸರೇ ಹೇಳುವಂತೆ, 2048. ಹೆಸರಿನ ಮೊದಲರ್ಧ ಒಂದೇ, ಸಾಮಾನು ಬೇರೆ. ಜೊತೆಗೆ ಇಂಥ ಕಾರ್ಡುಗಳಲ್ಲಿ ಕ್ರಿಪ್ಟೊ ಮೈನಿಂಗ್‌ನಲ್ಲಿ (ಲೆಕ್ಕ ಬಿಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ) ಹಗಲು ರಾತ್ರಿ ದುಡಿದು ಬಂದವು ಬಹಳ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಕ್ರಿಪ್ಟೊ ನಾಣ್ಯ ತನ್ನ ಪದ್ಧತಿ ಬದಲಿಸಿತು. ಅಲ್ಲಿಂದ ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಹಾಗೆ ಮೈನಿಂಗ್ ಬಿಟ್ಟ ಕಾರ್ಡುಗಳು ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬಂದವು. ಎಲ್ಲವೂ ಹಾಳಾಗಿರುವುದಿಲ್ಲ. ಆದರೆ ಯಾವುದು ಸರಿ ಅಂತ ಹೊರಗಿಂದ ಹೇಳಲಾಗುವುದಿಲ್ಲ, ವಾರಂಟಿಯೂ ಇರುವುದಿಲ್ಲ.

ಇನ್ನು ಎಸ್‌ಎಂಪಿಎಸ್. ಅವನು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಮೇಲೆ ಕೆಂಪು ಅಕ್ಷರದಲ್ಲಿ ‘450’. ಕೆಳಗೆ ಚಿಕ್ಕ ಚೌಕಗಳು: 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್. ನೋಡಬೇಕಾದದ್ದು 12 ವೋಲ್ಟಿನ ಚೌಕ ಒಂದೇ. ಯಾಕಂದರೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಹೊಟ್ಟೆ ತುಂಬಿಸಿಕೊಳ್ಳುವುದು ಅಲ್ಲಿಂದಲೇ. ಆ ಚೌಕದಲ್ಲಿ 14 ಆಂಪಿಯರ್ ಅಂತ ಇತ್ತು. 12ನ್ನು 14ರಿಂದ ಗುಣಿಸಿ: 168 ವ್ಯಾಟ್. ಆ ಹಳೆಯ ಐ7 ಒಂದೇ 77 ವ್ಯಾಟ್‌ನದು. ಉಳಿಯುವ 91 ವ್ಯಾಟ್‌ನಲ್ಲಿ ಆರ್‌ಎಕ್ಸ್ 580 ಓಡುವುದಿಲ್ಲ. ಆಟ ಜೋರಾದ ಹೊತ್ತಿಗೆ ಪಿಸಿ ತಟ್ಟನೆ ಆಫ್ ಆಗುತ್ತದೆ, ಇಲ್ಲವಾದರೆ ಒಂದು ದಿನ ಸುಟ್ಟ ವಾಸನೆ ಬರುತ್ತದೆ, ಜೊತೆಗೆ ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ.

ಭಾವನಿಗೆ ಈ ಗುಣಾಕಾರ ಫೋನಿನಲ್ಲೇ ಹೇಳಿದೆ. ಹೋಟೆಲಿನ ಲೆಕ್ಕ ನೋಡುವವರು, ಕ್ಷಣದಲ್ಲಿ ಅರ್ಥವಾಯಿತು. ‘ಹಾಗಾದ್ರೆ 450 ಅಂತ ಯಾಕೆ ಬರೆದ್ರು?’ ಅಂದರು. ‘ನೀವೇ ನೋಡಿ ಭಾವ, ಲೇಬಲ್ಲಿನ ಎಲ್ಲ ಚೌಕ ಕೂಡಿಸಿದ್ರೂ ಅಷ್ಟು ಬರಲ್ಲ’ ಅಂದೆ. ಅಲ್ಲಿಗೆ ಆ ಚೀಟಿಯ ಮಾತು ಮುಗಿಯಿತು.

ಯಾವ ಆಟ, ಯಾವ ಪರದೆ

ಭಾನುವಾರ ಅವರ ಮನೆಗೆ ಹೋದೆ. ನೋಟ್‌ಬುಕ್ಕಿನಲ್ಲಿ ಮೊದಲು ಬರೆಸಿದ್ದು ಸಾಮಾನಿನ ಹೆಸರಲ್ಲ, ಆಟಗಳ ಹೆಸರು. ವ್ಯಾಲೊರೆಂಟ್, ಕೌಂಟರ್ ಸ್ಟ್ರೈಕ್ 2, ಜಿಟಿಎ 5. ಆಸೆಯ ಸಾಲಿನಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2. ಓದಿಗೆ, ಫೋನಿನ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ಮತ್ತು ಅದರ ಎಮ್ಯುಲೇಟರ್ (ಪಿಸಿಯೊಳಗೇ ಓಡುವ ಫೋನಿನ ಪ್ರತಿರೂಪ).

ಈ ಪಟ್ಟಿಯಲ್ಲೇ ಅರ್ಧ ಉತ್ತರ ಇದೆ. ಮೊದಲ ಎರಡು ಆಟಗಳು ಗ್ರಾಫಿಕ್ಸ್ ಕಾರ್ಡಿಗಿಂತ ಪ್ರೊಸೆಸರನ್ನು ಜಾಸ್ತಿ ದುಡಿಸುತ್ತವೆ. ಕೊನೆಯದು ಗ್ರಾಫಿಕ್ಸ್ ಕಾರ್ಡನ್ನು ಹಿಂಡುತ್ತದೆ. ಎಮ್ಯುಲೇಟರಿಗೆ ಪ್ರೊಸೆಸರಿನ ಕೋರ್ (ಒಳಗೆ ದುಡಿಯುವ ಕೈಗಳು) ಬೇಕು, ರ‍್ಯಾಮ್ ಬೇಕು. ಪರದೆಯ ಸ್ಪಷ್ಟತೆ 1080ಪಿ ಸಾಕು ಅಂತ ಮೊದಲೇ ತೀರ್ಮಾನ ಮಾಡಿದೆವು. ಅದಕ್ಕಿಂತ ಮೇಲಕ್ಕೆ ಹೋದರೆ ಗ್ರಾಫಿಕ್ಸ್ ಕಾರ್ಡೂ ಮೇಲಕ್ಕೆ ಹೋಗಬೇಕು, 60 ಸಾವಿರದಲ್ಲಿ ಅದು ಆಗುವುದಿಲ್ಲ. ಆದರೆ 60 ಹರ್ಟ್ಸ್ ಬೇಡ ಅಂದೆ. 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 100 ಹರ್ಟ್ಸ್‌ನಲ್ಲಿ 10 ಮಿಲಿಸೆಕೆಂಡ್. ಗುಂಡು ಹಾರಿಸುವ ಆಟದಲ್ಲಿ ಆ ವ್ಯತ್ಯಾಸ ಕಣ್ಣಿಗೆ ಗೊತ್ತಾಗುತ್ತದೆ.

ಗ್ರಾಫಿಕ್ಸ್ ಕಾರ್ಡಿಗೆ 20 ಸಾವಿರ ಅಂತ ಗೆರೆ ಎಳೆದೆವು. ಆ ಗೆರೆಯೊಳಗೆ ಆಗ ಮೂರು ಹೆಸರು: ಆರ್‌ಟಿಎಕ್ಸ್ 3050ರ 6 ಜಿಬಿ, ಅದರದ್ದೇ 8 ಜಿಬಿ, ಮತ್ತು ಆರ್‌ಎಕ್ಸ್ 6600. ಇಲ್ಲೂ ಅದೇ ಹೆಸರಿನ ಪಾಠ. 3050ರ ಎರಡು ತಳಿಗಳಲ್ಲಿ ಬೇರೆ ಇರುವುದು ಬರೀ 2 ಜಿಬಿ ಅಂತ ಹುಡುಗ ತಿಳಿದಿದ್ದ. ಹಾಗಲ್ಲ. 8 ಜಿಬಿಯದರಲ್ಲಿ 2560 ಕೋರ್, ಮೆಮೊರಿಗೆ 128 ಬಿಟ್ ಅಗಲದ ದಾರಿ. 2024ರ ಫೆಬ್ರವರಿಯಲ್ಲಿ ಬಂದ 6 ಜಿಬಿಯದರಲ್ಲಿ 2304 ಕೋರ್, 96 ಬಿಟ್. ಅದು 70 ವ್ಯಾಟ್‌ನಲ್ಲಿ ಓಡುತ್ತದೆ, ಬೇರೆ ಪವರ್ ಕೇಬಲ್ ಬೇಡ. ಹಳೆಯ ಆಫೀಸ್ ಪಿಸಿಗೆ ಹಾಕಲು ಬಹಳ ಒಳ್ಳೆಯದು. ನಮಗೆ ಅದಲ್ಲ.

ಆಟಕ್ಕೆ ಮಾತ್ರ ನೋಡಿದರೆ ಆರ್‌ಎಕ್ಸ್ 6600 ಎರಡಕ್ಕಿಂತಲೂ ಮುಂದೆ. 8 ಜಿಬಿ, 132 ವ್ಯಾಟ್, ಒಂದೇ 8 ಪಿನ್ ಕೇಬಲ್. ಹುಡುಗ 3ಡಿ ಚಿತ್ರ ಮಾಡುವ ಬ್ಲೆಂಡರ್‌ನಲ್ಲಿ ಕೆಲಸ ಮಾಡುವವನಾಗಿದ್ದರೆ ನಾನು 3050ರ 8 ಜಿಬಿ ಕಡೆ ವಾಲುತ್ತಿದ್ದೆ, ಎನ್ವಿಡಿಯಾ ಕಾರ್ಡುಗಳ ‘ಕೂಡಾ’ (CUDA) ತಂತ್ರ ಅಲ್ಲಿ ಕೆಲಸಕ್ಕೆ ಬರುತ್ತದೆ. ಅವನಿಗೆ ಅದು ಬೇಕಿರಲಿಲ್ಲ.

ಪ್ರೊಸೆಸರ್ ವಿಷಯದಲ್ಲಿ ಸ್ವಲ್ಪ ಜಗ್ಗಾಟವೇ ಆಯಿತು. ಐ3-12100ಎಫ್ ಮತ್ತು ಎಚ್610 ಬೋರ್ಡ್ ತಗೊಂಡರೆ ಸುಮಾರು 5,000 ಉಳಿಯುತ್ತಿತ್ತು. ಆಟಕ್ಕೆ ಅದರ 4 ಕೋರ್ ಆಗಲೂ ಸಾಲುತ್ತಿತ್ತು. ಆದರೆ ಎಮ್ಯುಲೇಟರ್ ಓಡಿಸಿಕೊಂಡು ಕೋಡ್ ಬರೆಯುವವನಿಗೆ, ಅದೂ ನಾಲ್ಕೈದು ವರ್ಷಕ್ಕೆ, 6 ಕೋರ್ ಇರಲಿ ಅಂದೆ. ರೈಜನ್ 5 5600 ಅಂತಾಯಿತು. 6 ಕೋರ್, 12 ಥ್ರೆಡ್, 65 ವ್ಯಾಟ್. ಪ್ರೊಸೆಸರ್ ಕೂರುವ ಹೊಸ ಎಎಂ5 ಸಾಕೆಟ್ಟಿಗೆ ಹೋಗೋಣ ಅಂತ ಅವನ ಆಸೆ. ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಬೋರ್ಡೂ ದುಬಾರಿ. ಆ ದುಡ್ಡು ಗ್ರಾಫಿಕ್ಸ್ ಕಾರ್ಡಿನಿಂದಲೇ ಕಿತ್ತುಕೊಳ್ಳಬೇಕಿತ್ತು. ಬೇಡ ಅಂದೆ.

ಲ್ಯಾಮಿಂಗ್ಟನ್ ರೋಡ್

ಕ್ಯಾಬಿನೆಟ್ ಮತ್ತು ಮಾನಿಟರ್ ಆನ್‌ಲೈನ್‌ನಲ್ಲಿ ಮನೆಗೇ ತರಿಸಿದೆವು. ಅವನ್ನು ಹೊತ್ತುಕೊಂಡು ಲೋಕಲ್ ಹತ್ತುವುದು ಆಗದ ಮಾತು. ಉಳಿದದ್ದಕ್ಕೆ ಆಗಸ್ಟ್‌ನ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ಡೊಂಬಿವಲಿಯಿಂದ ದಾದರ್, ಅಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್. ಪೂರ್ವಕ್ಕೆ ಇಳಿದು ನಡೆದರೆ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್. ಬೋರ್ಡಿನ ಮೇಲೆ ಡಾ. ಭಡಕಮಕರ್ ಮಾರ್ಗ ಅಂತ ಇರುತ್ತದೆ, ಆದರೆ ಯಾರನ್ನು ಕೇಳಿದರೂ ಹಳೆಯ ಹೆಸರೇ ಹೇಳುತ್ತಾರೆ. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಮಳೆ ಇದ್ದುದರಿಂದ ಎರಡು ದಪ್ಪ ಪ್ಲಾಸ್ಟಿಕ್ ಚೀಲ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆವು.

ಮೂರು ಅಂಗಡಿಯಲ್ಲಿ ದರ ಕೇಳಿ ನಾಲ್ಕನೆಯದರಲ್ಲಿ ನಿಂತೆವು. ‘ರೈಜನ್ 5600 ಬಾಕ್ಸ್ ಪೀಸ್’ ಅಂದೆ. ಅಂಗಡಿಯ ಹುಡುಗ ಒಳಗಿಂದ ತಂದು ಕೌಂಟರಿನ ಮೇಲಿಟ್ಟ. ಅದೇ ಬಣ್ಣದ ಪೆಟ್ಟಿಗೆ, ಅದೇ 5. ನಮ್ಮ ಹುಡುಗ ಕೈಯಲ್ಲಿ ಹಿಡಿದು ಸ್ಟಿಕ್ಕರ್ ಓದಿದ. ಓದಿ ನನ್ನ ಕಡೆ ತಿರುಗಿ, ‘ಮಾಮ, ಜಿ ಅಂತ ಇದೆ’ ಅಂದ. 5600ಜಿ. ಕೌಂಟರಿನವರು ‘ಸೇಮ್ ಹೈ ಸಾಬ್, ಊಪರ್ ಸೇ ಗ್ರಾಫಿಕ್ಸ್ ಫ್ರೀ’ ಅಂದರು.

ಸೇಮ್ ಅಲ್ಲ. 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ ಇದೆ, 5600ಜಿಯಲ್ಲಿ 16. ಭಾವನಿಗೆ ಇದನ್ನು ಹೇಳಿದ್ದು ಹೀಗೆ: ಭಟ್ಟರ ಕೈಯಳತೆಯಲ್ಲಿ ಇರುವ ಡಬ್ಬಿಗಳು ಕ್ಯಾಶ್, ಹಿಂದಿನ ಉಗ್ರಾಣ ರ‍್ಯಾಮ್. ಡಬ್ಬಿ ಚಿಕ್ಕದಾದಷ್ಟೂ ಉಗ್ರಾಣಕ್ಕೆ ಓಡಾಟ ಜಾಸ್ತಿ, ದೋಸೆ ತಡ. ವ್ಯಾಲೊರೆಂಟ್ ಥರದ ಆಟಕ್ಕೆ ಈ ಕ್ಯಾಶ್ ಬಹಳ ಮುಖ್ಯ. ಇನ್ನೊಂದು ವ್ಯತ್ಯಾಸ: ಪಿಸಿಐಇ, ಅಂದರೆ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ನಡುವಿನ ದಾರಿ, 5600ರಲ್ಲಿ 4.0, 5600ಜಿಯಲ್ಲಿ ನಿಧಾನದ 3.0. ಆರ್‌ಎಕ್ಸ್ 6600 ಬೋರ್ಡಿನ ಜೊತೆ 8 ಲೇನಿನಲ್ಲಿ ಮಾತ್ರ ಮಾತಾಡುತ್ತದೆ. ಲೇನ್ ಕಡಿಮೆ ಇರುವಾಗ ಒಂದೊಂದು ಲೇನಿನ ವೇಗವೂ ಕಡಿಮೆ ಆಗಬಾರದು. ಗ್ರಾಫಿಕ್ಸ್ ಕಾರ್ಡ್ ತಗೊಳ್ಳದವರಿಗೆ 5600ಜಿ ಒಳ್ಳೆಯ ಆಯ್ಕೆ. ಕಾರ್ಡ್ ತಗೊಳ್ಳುವವರಿಗೆ ಅದರೊಳಗಿನ ಗ್ರಾಫಿಕ್ಸ್ ಸುಮ್ನೆ. 5500 ಕೂಡ ಇದೇ ಜಾತಿ: 16 ಎಂಬಿ, 3.0.

ಸರಿಯಾದ ಪೆಟ್ಟಿಗೆ ಬಂತು. ಸೀಲ್ ನೋಡಿದೆವು. ಪೆಟ್ಟಿಗೆ ಇಲ್ಲದ ಟ್ರೇ ಪೀಸ್ 900 ಕಡಿಮೆ ಅಂದರು. ಅದಕ್ಕೆ ಕಂಪನಿಯ ವಾರಂಟಿಯೂ ಇಲ್ಲ, ಕೂಲರೂ ಇಲ್ಲ. ಬೇಡ ಅಂದೆವು. ಎರಡನೇ ತಪ್ಪು ರ‍್ಯಾಮ್‌ನಲ್ಲಿ ಆಗುತ್ತಿತ್ತು. 16 ಜಿಬಿ ಅಂತ ಒಂದೇ ಸ್ಟಿಕ್ ಕೊಟ್ಟರು. ನಮಗೆ ಬೇಕಾದದ್ದು 8 ಜಿಬಿಯ ಎರಡು. ಎರಡು ಸ್ಟಿಕ್ ಇದ್ದರೆ ಪ್ರೊಸೆಸರಿಗೆ ಎರಡು ಬಾಗಿಲು ತೆರೆದ ಹಾಗೆ, ಒಂದೇ ಇದ್ದರೆ ಒಂದು ಬಾಗಿಲಿನಲ್ಲೇ ನೂಕುನುಗ್ಗಲು. ಬದಲಿಸಿ ಕೊಟ್ಟರು, ಬೇಸರ ಮಾಡಲಿಲ್ಲ.

ಬಿಲ್ಲಿನ ಹೊತ್ತಿಗೆ ಹಳೆಯ ಮಾತು ಬಂತು. ಪಕ್ಕಾ ಬಿಲ್ ಬೇಡ ಅಂದರೆ ಒಟ್ಟಿನಲ್ಲಿ 2,000 ಬಿಡುತ್ತೇನೆ ಅಂದರು. ಹುಡುಗನ ಕಣ್ಣು ಅರಳಿತು. ಆ 2,000 ಇದ್ದರೆ 1 ಟಿಬಿ ಎಸ್‌ಎಸ್‌ಡಿ ಬರುತ್ತಿತ್ತು. ನಾನು ಒಪ್ಪಲಿಲ್ಲ. ಜಿಎಸ್‌ಟಿ 18 ಪರ್ಸೆಂಟ್ ಕಟ್ಟಿದ ಪಕ್ಕಾ ಬಿಲ್, ಅದರಲ್ಲಿ ಪ್ರತಿ ಸಾಮಾನಿನ ಸೀರಿಯಲ್ ನಂಬರ್. ಮೂರು ವರ್ಷದ ವಾರಂಟಿ ಅಂದರೆ ಆ ಕಾಗದವೇ. ಕಾರ್ಡಿನ ಮೇಲಿನ ನಂಬರ್ ಮತ್ತು ಬಿಲ್ಲಿನ ನಂಬರ್ ಅಲ್ಲೇ ನಿಂತು ತಾಳೆ ನೋಡಿದೆವು.

ಒಟ್ಟು ಲೆಕ್ಕ ಹೀಗಾಯಿತು. ಪ್ರೊಸೆಸರ್ 10,600. ಬಿ550 ಬೋರ್ಡ್ 8,100. ರ‍್ಯಾಮ್ 3,300. ಆರ್‌ಎಕ್ಸ್ 6600ಗೆ 19,900. 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ 3,000. 550 ವ್ಯಾಟ್ ಬ್ರಾಂಜ್ ಎಸ್‌ಎಂಪಿಎಸ್ 3,900. ಮುಂದೆ ಜಾಲರಿ ಇರುವ ಕ್ಯಾಬಿನೆಟ್ 2,900. 24 ಇಂಚಿನ 100 ಹರ್ಟ್ಸ್ ಮಾನಿಟರ್ 7,800. ಒಟ್ಟು 59,500. ಕೀಬೋರ್ಡ್, ಮೌಸ್ ಹಳೆಯವೇ. ಕ್ಯಾಬಿನೆಟ್ಟಿನ ಮುಂದೆ ಗಾಜು ಬೇಡ ಅಂತ ಹಟ ಹಿಡಿದದ್ದು ನಾನು. ಈ ಊರಿನ ಸೆಕೆಗೆ ಗಾಳಿ ಒಳಗೆ ಬರಲೇಬೇಕು.

ಜೋಡಿಸಿದ ರಾತ್ರಿ, ಮತ್ತು ಆಮೇಲೆ

ಊಟ ಆದ ಮೇಲೆ ಹಾಲಿನಲ್ಲಿ ಪೇಪರ್ ಹಾಸಿ ಕೂತೆವು. ಜೋಡಿಸಿದ್ದು ಅವನೇ, ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ರ‍್ಯಾಮ್ ಎರಡನ್ನೂ ಪ್ರೊಸೆಸರಿನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿಸಿದೆ. ರಾತ್ರಿ 12ಕ್ಕೆ ಸ್ವಿಚ್ ಹಾಕಿದ. ಫ್ಯಾನ್ ತಿರುಗಿತು, ಪರದೆ ಕಪ್ಪು. ಹುಡುಗನ ಮುಖವೂ ಬಾಡಿತು. ಎಚ್‌ಡಿಎಂಐ ಕೇಬಲನ್ನು ಬೋರ್ಡಿಗೆ ಸಿಕ್ಕಿಸಿದ್ದ. 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಕೇಬಲ್ ಕೆಳಗೆ ಕಾರ್ಡಿಗೇ ಹೋಗಬೇಕು. ಬದಲಿಸಿದ ಕೂಡಲೇ ಬೆಳಕು ಬಂತು.

ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಆನ್ ಮಾಡಿ ವಿಂಡೋಸ್ 11 ಹಾಕಿದೆವು. ಆಮೇಲೆ ಟಾಸ್ಕ್ ಮ್ಯಾನೇಜರ್ ತೆಗೆದು ರ‍್ಯಾಮ್ ವೇಗ ನೋಡಿದರೆ 2400. ದುಡ್ಡು ಕೊಟ್ಟದ್ದು 3200ಕ್ಕೆ. ಇದು ದೋಷ ಅಲ್ಲ, ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್‌ನ ಪೂರ್ತಿ ವೇಗದ ಆಯ್ಕೆ) ಆನ್ ಮಾಡಿದರೆ ಸರಿ. ಹಾಗೆಯೇ ಮಾನಿಟರ್ ವಿಂಡೋಸ್‌ನಲ್ಲಿ 60ಕ್ಕೆ ನಿಂತಿತ್ತು, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 100 ಆರಿಸಿದೆವು. ಈ ಎರಡನ್ನು ನೋಡದೆ ವರ್ಷಗಟ್ಟಲೆ ಆಡುವವರನ್ನು ನಾನು ನೋಡಿದ್ದೇನೆ. ದುಡ್ಡು ಕೊಟ್ಟ ವೇಗ ಅವರಿಗೆ ಸಿಗುತ್ತಲೇ ಇಲ್ಲ, ಪಾಪ.

ಮೂರನೇ ದಿನ ಅಕ್ಕನ ಫೋನ್. ಧೂಳು ಒರೆಸಲು ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಅನ್ನುತ್ತದೆ ಅಂತ. ಕೂಡಲೇ ಪ್ಲಗ್ ತೆಗೆಸಿದೆ. ಹೋಗಿ ನೋಡಿದರೆ ಪಿಸಿಯದ್ದು ತಪ್ಪಲ್ಲ. ಹಳೆಯ ಬಿಲ್ಡಿಂಗ್, ಗೋಡೆಯ ಸಾಕೆಟ್ಟಿನಲ್ಲಿ ಮೂರು ತೂತು ಇದ್ದರೂ ಮೇಲಿನ ದೊಡ್ಡ ತೂತಿಗೆ ಅರ್ಥಿಂಗ್ ವೈರೇ ಕಟ್ಟಿರಲಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸೋಸಿದ ಚಿಕ್ಕ ಕರೆಂಟ್ ಅರ್ಥಿಂಗಿಗೆ ಇಳಿದು ಹೋಗಬೇಕು. ಇಳಿಯಲು ದಾರಿ ಇಲ್ಲದಾಗ ಕ್ಯಾಬಿನೆಟ್ಟಿನಲ್ಲೇ ಕೂರುತ್ತದೆ. ಎಲೆಕ್ಟ್ರಿಶಿಯನ್ ಕರೆಸಿ ವೈರ್ ಎಳೆಸಿದೆವು, ಜುಂ ನಿಂತಿತು. ದಯವಿಟ್ಟು ಪಿಸಿ ತರುವ ಮೊದಲೇ ಸಾಕೆಟ್ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಇದನ್ನು ಬಿಡಲೇಬೇಡಿ.

ನನ್ನ ಲೆಕ್ಕ ತಪ್ಪಿದ್ದು ಎಸ್‌ಎಸ್‌ಡಿಯಲ್ಲಿ. ರೆಡ್ ಡೆಡ್ ಒಂದೇ 150 ಜಿಬಿ ಕೇಳುತ್ತದೆ. ಮೂರು ತಿಂಗಳಲ್ಲಿ 500 ಜಿಬಿ ತುಂಬಿ, ಒಂದು ಆಟ ಹಾಕಲು ಇನ್ನೊಂದು ತೆಗೆಯುವ ಸ್ಥಿತಿ ಬಂತು. ಬೋರ್ಡಿನಲ್ಲಿ ಎರಡನೇ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರುವ ಜಾಗ) ಇದ್ದುದರಿಂದ ಬಚಾವ್. ಹುಡುಗ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ 1 ಟಿಬಿ ತಂದು ಹಾಕಿಕೊಂಡ.

ಈ ದರಗಳು 2024ರವು. 2025ರ ಕೊನೆಯಿಂದ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬೆಲೆ ಬಹಳ ಏರಿದೆ, ಇದೇ ಸೆಟ್ ಈಗ 59,500ಕ್ಕೆ ಬರುವುದಿಲ್ಲ. ಅದೇ ಬಿಲ್ಡಿಂಗಿನ ಇನ್ನೊಬ್ಬ ಹುಡುಗ ಈಚೆಗೆ ಬಂದು ಎಲ್ಲಿ ಕಡಿಮೆ ಮಾಡಲಿ ಅಂತ ಕೇಳಿದ. ಎಸ್‌ಎಂಪಿಎಸ್ ಮುಟ್ಟಬೇಡ, ರ‍್ಯಾಮ್ ಬೇಕಾದರೆ ಸೆಕೆಂಡ್ ಹ್ಯಾಂಡ್ ನೋಡು ಅಂದೆ. ರ‍್ಯಾಮ್‌ನಲ್ಲಿ ತಿರುಗಿ ಸವೆಯುವ ಭಾಗ ಇಲ್ಲ, ಮತ್ತು ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದರೆ ಅದರ ಬಣ್ಣ ಬಯಲಾಗುತ್ತದೆ. ಯಾರೋ ಕಾಲೇಜಿನವರಿಂದ 8 ಜಿಬಿಯ ಜೋಡಿ ತಂದ, ಹಣ ಕೊಡುವ ಮೊದಲು ನಮ್ಮ ಹುಡುಗನ ಪಿಸಿಗೆ ಹಾಕಿ ರಾತ್ರಿ ಬಿಟ್ಟರು. ಬೆಳಿಗ್ಗೆ ನೋಡಿದಾಗ ಎರರ್ ಸೊನ್ನೆ ಇತ್ತು. ದುಡ್ಡು ಕೊಟ್ಟು ಬಂದಿದ್ದಾನೆ. ಈಗ ಬೋರ್ಡ್ ಹುಡುಕುತ್ತಿದ್ದಾನೆ.